ನಂಜು ಹೊರಗೆ ಬರಲಿ ಎಂದರು

ನನ್ನ ಮುಖಕ್ಕೆ ಒಬ್ಬ ಮನುಷ್ಯ ಉಗುಳಿದ್ದಾನೆ. ಜಗಳದಲ್ಲಿ ಅಲ್ಲ. ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ಅವನೆದುರು ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿಕೊಂಡು ನಾನಾಗಿಯೇ ಉಗುಳಿಸಿಕೊಂಡದ್ದು. ತುಳಸಿ, ಅರಿಶಿನ, ಜೊತೆಗೆ ಇನ್ಯಾವುದೋ ಕಹಿ ಎಲೆಯನ್ನು ಜಗಿದು, ಏನೋ ಗೊಣಗಿ, ನನ್ನ ಹಣೆಯ ಬಲಭಾಗಕ್ಕೆ ಫೂ ಎಂದ. ಅವರು ಊದಿದ್ದು ಎಂದು ನನ್ನ ಅತ್ತಿಗೆ ಹೇಳುತ್ತಾರೆ. ಮುಖ ನನ್ನದು, ಅದು ಉಗುಳೇ ಎಂದು ನಾನು ಹೇಳುತ್ತೇನೆ. ಇವತ್ತಿಗೂ ಪಕ್ಕದಲ್ಲಿ ಯಾರಾದರೂ ತುಳಸಿ ಜಗಿದರೆ ನಾನು ಎದ್ದು ಆಚೆ ಹೋಗುತ್ತೇನೆ.

ಕಾಯಿಲೆಯಿಂದ ಎದ್ದವರು ಬರೆದದ್ದನ್ನು ನಾನೂ ಓದಿದ್ದೇನೆ. ಧೈರ್ಯ, ಹೋರಾಟ, ದೇವರ ದಯೆ ಎಂದೆಲ್ಲ ಬರೆಯುತ್ತಾರೆ. ಅವರಿಗೆ ಹಾಗೆ ಅನಿಸಿದ್ದರೆ ಒಳ್ಳೆಯದೇ. ನನಗೆ ಅನಿಸಿದ್ದು ಹೇಸಿಗೆ. ನನ್ನ ಮುಖದ ಮೇಲೆ, ನನ್ನ ಜನರ ಮೇಲೆ, ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಒಂದು ಶಬ್ದದ ಮೇಲೆ. ಆ ಹೇಸಿಗೆ ಇನ್ನೂ ಪೂರ್ತಿ ಹೋಗಿಲ್ಲ. ಅದನ್ನೇ ಬರೆಯುತ್ತೇನೆ. ಹೀಗೇ ಹೇಸಿಕೊಂಡು ಮಲಗಿರುವವರು ಬೇರೆಯವರೂ ಇರಬಹುದು.

ನಾನು ಸುಮತಿ. ಡೊಂಬಿವಲಿ ಪೂರ್ವದಲ್ಲಿ ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಮನೆ. ಮದುವೆಯಾಗಿ ಉಡುಪಿ ಕಡೆಯಿಂದ ಬಂದಂದಿನಿಂದ ಬ್ಲೌಸ್ ಹೊಲಿಯುತ್ತೇನೆ. ನನ್ನ ಗಂಡ ಘೋಡಬಂದರ್ ರಸ್ತೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮಗಳು ಅಕ್ಷತಾ ಸಾನಪಾಡಾದ ಆಫೀಸಿಗೆ ಹೋಗುತ್ತಾಳೆ. ನಾವು ದೊಡ್ಡವರು ಮನೆಯಲ್ಲಿ ತುಳು ಮಾತಾಡುತ್ತೇವೆ, ಅವಳು ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಓದುವವರಿಗೆ ತೊಡಕಾಗಬಾರದೆಂದು ತುಳುವಿನ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಮೊದಲು ಬಂದದ್ದು ತಲೆನೋವು, ಅದೂ ಬಲಕ್ಕೆ ಮಾತ್ರ. ಬಾಚಣಿಗೆ ತಾಗಿದರೆ ಬೆಂಕಿ ತಾಗಿದ ಹಾಗೆ ಉರಿ. ಮರುದಿನ ಕೂದಲಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು. "ಬೆವರುಸಾಲೆ, ಪೌಡರ್ ಹಾಕು" ಎಂದು ಇವರು ಹೋಟೆಲಿಗೆ ಹೋದರು. ಸಂಜೆಯ ಹೊತ್ತಿಗೆ ಗುಳ್ಳೆಗಳು ಹುಬ್ಬಿಗೆ ಇಳಿದಿದ್ದವು. ಒಂದು ಮೂಗಿನ ತುದಿಯಲ್ಲೂ ಕೂತಿತ್ತು. ಅಕ್ಷತಾ ಬಾಗಿಲಲ್ಲೇ ಬ್ಯಾಗ್ ಬಿಟ್ಟು ನನ್ನ ಗಲ್ಲ ಹಿಡಿದು ನೋಡಿದಳು.

"ಮಮ್ಮಿ, ಡಾಕ್ಟರ್ ಕೆ ಪಾಸ್ ಚಲ್. ಅಭೀ" ಎಂದಳು. ಈಗಲೇ ಹೋಗೋಣ ಎಂದು.

ಆಗಲೇ ಹೊರಟಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಇವರು ಅಷ್ಟರಲ್ಲಿ ದಿವಾದಲ್ಲಿರುವ ತಮ್ಮ ಅಕ್ಕನಿಗೆ ಫೋನ್ ಮಾಡಿಯಾಗಿತ್ತು. ನಮ್ಮಲ್ಲಿ ಯಾರಿಗೆ ಏನಾದರೂ ಮೊದಲ ಫೋನ್ ಅತ್ತಿಗೆಗೆ. ಅವರು ಕೆಟ್ಟವರಲ್ಲ. ನನ್ನ ಬಾಣಂತನ ಮಾಡಿದವರು, ಇವರು ಕೆಲಸವಿಲ್ಲದೆ ಮನೆಯಲ್ಲಿ ಕೂತಾಗ ಅಕ್ಕಿ ತಂದು ಹಾಕಿದವರು. ಅವರ ಮಾತು ಮೀರಲು ನಮ್ಮ ಮನೆಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಮರುದಿನ ಬೆಳಿಗ್ಗೆ ಗಾಡಿ ಹಿಡಿದು ಬಂದೇ ಬಿಟ್ಟರು. ಮೆಟ್ಟಿಲು ಹತ್ತಿದ ಏದುಸಿರು ನಿಲ್ಲುವ ಮೊದಲೇ ನನ್ನ ಮುಖ ನೋಡಿ ಕೆನ್ನೆಗೆ ಕೈ ಇಟ್ಟುಕೊಂಡರು.

"ಇದು ಸರ್ಪಸುತ್ತು ಮಾರಾಯ್ತಿ. ಎಂತ ತಿಂದೆ ನೀನು?"

"ಎಂತ ತಿನ್ನುದು ಅತ್ತಿಗೆ, ಮನೆಯ ಅಡಿಗೆಯೇ."

"ಸಿಗಡಿ ಚಟ್ನಿ ಮಾಡಿದ್ದೆ ಅಂತ ಇವನು ಹೇಳಿದ. ಬದನೆಯೂ ತಿಂದಿರ್ತಿ. ಅದೆಲ್ಲ ನಂಜು. ಒಳಗೆ ಇದ್ದ ನಂಜು ಈಗ ಎದ್ದು ಬಂತು."

ಅಕ್ಷತಾ ಡಾಕ್ಟರ್ ಎಂದು ಬಾಯಿ ತೆರೆದಳು. ಅತ್ತಿಗೆ ಅವಳ ಕಡೆ ತಿರುಗಲೂ ಇಲ್ಲ.

"ಇದಕ್ಕೆ ಇಂಗ್ಲಿಷ್ ಮದ್ದು ಆಗ್ಲಿಕ್ಕಿಲ್ಲ. ಗುಳಿಗೆ ತಿಂದ್ರೆ ನಂಜು ಒಳಗೆ ತಿರುಗ್ತದೆ. ಆಮೇಲೆ ತಲೆಗೇ ಹೋಗುದು. ಮೊದಲು ಎಲ್ಲ ಹೊರಗೆ ಬರ್ಲಿ."

ನಂಜು ಎಂದರೇನು ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಯ ಮಾಯದಿದ್ದರೆ ನಂಜು. ಆಪರೇಶನ್ ಆದವರಿಗೆ ಬದನೆ, ಸಿಗಡಿ, ಮೊಟ್ಟೆ, ಹಲಸು ಎಲ್ಲ ನಂಜು. ಚುಚ್ಚಿದ ಕಿವಿ ಬಾತರೆ ನಂಜು. ಮದ್ದು ತಗೊಂಡ ಮೇಲೆ ಮೈ ತುರಿಸಿದರೂ ನಂಜು. ಅದನ್ನು ಹೇಳುವಾಗ ಎಲ್ಲರೂ ರೋಗಿಯ ತಟ್ಟೆಯ ಕಡೆ ಒಂದು ನೋಟ ಬೀರುತ್ತಾರೆ. ಕಾಯಿಲೆ ಬಂದವಳೇ ಅದನ್ನು ಕಲಸಿ ತುತ್ತು ಮಾಡಿ ತಿಂದಳು ಎನ್ನುವ ಹಾಗೆ.

ಅತ್ತಿಗೆ ನನ್ನನ್ನು ನಾಟಿ ಮದ್ದಿನವರ ಹತ್ತಿರ ಕರೆದುಕೊಂಡು ಹೋದರು. ಅವರು ಇದ್ದದ್ದು ದಿವಾದಲ್ಲಿ, ಅತ್ತಿಗೆಯ ಚಾಳಿನ ಹಿಂದೆ. ಗಟಾರದ ಮೇಲೆ ಹಾಸಿದ ಕಲ್ಲಿನ ಮೇಲೆ ಹತ್ತಿಪ್ಪತ್ತು ಜನ ಸಾಲಾಗಿ ಕೂತಿದ್ದರು. ಅರ್ಧಕ್ಕರ್ಧ ನಮ್ಮ ಕಡೆಯವರೇ. ಒಳಗಿನ ಖೋಲಿಯಲ್ಲಿ ಅಗರಬತ್ತಿ, ಬೆವರು, ಒದ್ದೆ ಮಣ್ಣು ಎಲ್ಲ ಸೇರಿದ ವಾಸನೆ. ಉಗುಳಿದ ಮೇಲೆ ಆತ ಕಾವಿಕಲ್ಲು ತೇದು, ಸೊಪ್ಪಿನ ರಸ ಬೆರೆಸಿ, ಗುಳ್ಳೆಗಳ ಸುತ್ತ ದಪ್ಪಗೆ ಬಳಿದ. ಹಾವಿನ ತಲೆಗೂ ಬಾಲಕ್ಕೂ ಬೇಲಿ ಹಾಕಿದ್ದೇನೆ, ಅವು ಕೂಡದ ಹಾಗೆ ನೋಡಿಕೊಳ್ಳಿ, ಮುಖಕ್ಕೆ ನೀರು ಮುಟ್ಟಿಸಬೇಡಿ ಎಂದ. ಒಂದೇ ಬಟ್ಟಲು, ಒಂದೇ ಬೆರಳು. ನನಗಿಂತ ಮೊದಲು ಕೂತ ಗಂಡಸಿನ ಬೆನ್ನಿಗೆ ಬಳಿದದ್ದೂ ಅದೇ ಬಟ್ಟಲಿಂದ. ಅದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಮುಖ ಒಡ್ಡಿದೆ. ಹೆದರಿಕೆಗೆ ಹೇಸಿಗೆಯನ್ನು ನುಂಗುವ ಶಕ್ತಿ ಇದೆ ಎಂದು ಅವತ್ತು ಗೊತ್ತಾಯಿತು.

ವಾಪಸ್ ಬರುವಾಗ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ನನ್ನ ಎದುರಿಗಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೋದಳು. ಆ ಗಾಡಿಯಲ್ಲಿ ಖಾಲಿಯಾದ ಸೀಟಿನಲ್ಲಿ ಯಾರೂ ಕೂರದೆ ಇದ್ದದ್ದನ್ನು ನನ್ನ ಜನ್ಮದಲ್ಲಿ ಮೊದಲ ಸಲ ನೋಡಿದೆ. ಅವಳನ್ನು ಬೈಯಲಾರೆ. ಮನೆಗೆ ಬಂದು ಕನ್ನಡಿ ನೋಡಿದಾಗ ನನಗೇ ಎದ್ದು ಹೋಗಬೇಕು ಅನಿಸಿತು.

ಮುಂದಿನ ದಿನಗಳಲ್ಲಿ ಗುಳ್ಳೆಗಳು ಒಡೆದವು. ಲೇಪದ ಅಡಿಯಿಂದ ನೀರು ಜಿನುಗಿ, ಅದೇ ಒಣಗಿ, ಚಕ್ಕೆಯಾಗಿ ದಿಂಬಿಗೆ ಅಂಟುತ್ತಿತ್ತು. ಬಲಗಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತು. ಬೆಳಿಗ್ಗೆ ಬೆರಳಿನಿಂದ ಬಿಡಿಸಿದರೆ ಹಳದಿ ಕೀವು. ವಾಸನೆ ನನಗೇ ಬರುತ್ತಿತ್ತು. ಬ್ಲೌಸ್ ಕೊಟ್ಟ ಹೆಂಗಸರು ಬಾಗಿಲ ಹೊರಗೇ ನಿಂತು, ಅರ್ಜೆಂಟ್ ಇಲ್ಲ ಆಂಟಿ, ಪೀಸ್ ವಾಪಸ್ ಕೊಡಿ ಎಂದು ಕತ್ತರಿಸದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಇಳಿದು ಹೋದರು. ಇವರು ರಾತ್ರಿ ಹಾಲ್‌ನಲ್ಲಿ ಮಲಗತೊಡಗಿದರು. ಹೋಟೆಲಿನ ಗಲ್ಲಾದಲ್ಲಿ ಕೂರುವವನು, ಗಿರಾಕಿಗೆ ಹತ್ತಿದರೆ ಕಷ್ಟ ಎಂದರು. ಅತ್ತಿಗೆ ದಿನಾ ಫೋನಿನಲ್ಲಿ ಕೇಳುತ್ತಿದ್ದರು.

"ಹೊರಗೆ ಬರ್ತಾ ಉಂಟಾ?"

"ಬರ್ತಾ ಉಂಟು ಅತ್ತಿಗೆ."

"ಬರ್ಲಿ, ಬರ್ಲಿ. ಒಳ್ಳೇದೇ ಅದು."

ಒಂದು ಬೆಳಿಗ್ಗೆ ಬಲಗಣ್ಣಿನ ರೆಪ್ಪೆ ಬಿಡಿಸಿ, ಎಡಗಣ್ಣು ಮುಚ್ಚಿ ನೋಡಿದೆ. ಹೊಲಿಗೆ ಮೆಶಿನ್ ಇದ್ದ ಜಾಗದಲ್ಲಿ ಕಪ್ಪು ಮುದ್ದೆಯೊಂದು ಕಂಡಿತು. ಅದರ ಚಕ್ರ ಎಲ್ಲಿ, ಸೂಜಿ ಎಲ್ಲಿ ತಿಳಿಯಲಿಲ್ಲ. ಹೊಲಿಯುವವಳಿಗೆ ಕಣ್ಣು ಹೋದರೆ ಇನ್ನೇನು ಉಳಿಯುತ್ತದೆ? ನಾನು ಅಡುಗೆಮನೆಯ ನೆಲದಲ್ಲಿ ಕೂತು ಅಕ್ಷತಾಳನ್ನು ಕೂಗಿದೆ. ಅವಳು ಆಫೀಸಿಗೆ ಹೊರಟು ಚಪ್ಪಲಿ ಹಾಕಿಕೊಂಡಿದ್ದಳು. ಯಾರನ್ನೂ ಕೇಳಲಿಲ್ಲ. ನನ್ನ ತಲೆಗೆ ಓಢಣಿ ಸುತ್ತಿ, ಕೆಳಗಿಳಿಸಿ, ರಿಕ್ಷಾದಲ್ಲಿ ಕೂರಿಸಿ ಠಾಣೆ ನಗರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು.

ಕಾಯುವ ಕೋಣೆ ತುಂಬ ಕಣ್ಣಿನ ಪೊರೆ ತೆಗೆಸಲು ಬಂದ ಮುದುಕರು. ಕೂತವರೆಲ್ಲ ಕಾಲು ಸರಿಸಿ ನನಗೆ ಬೇಕಾದ್ದಕ್ಕಿಂತ ಜಾಸ್ತಿ ಜಾಗ ಬಿಟ್ಟರು. ಒಬ್ಬರು ಮರಾಠಿ ಅಜ್ಜಿ ಮಾತ್ರ ಸರಿದು ಹತ್ತಿರ ಬಂದರು. "ದುಖತಂಯ್ ಕಾ ಗ, ಬಾಳ?" ಎಂದು ಕೇಳಿದರು. ನೋಯುತ್ತಿದೆಯಾ ಮಗಾ ಎಂದು. ನನ್ನ ಪ್ರಾಯದ ಹೆಂಗಸನ್ನು ಮಗಾ ಎಂದು ಕರೆದದ್ದಕ್ಕೋ, ಅಷ್ಟು ದಿನದಲ್ಲಿ ಏನು ತಿಂದೆ ಎಂದು ಕೇಳದ ಮೊದಲ ವ್ಯಕ್ತಿ ಎಂಬುದಕ್ಕೋ, ಅತ್ತುಬಿಟ್ಟೆ. ಕಣ್ಣೀರು ಗಾಯಕ್ಕೆ ಇಳಿದು ಇನ್ನಷ್ಟು ಉರಿಯಿತು. ಅಜ್ಜಿ ನನ್ನ ನಂಬರ್ ಬರುವವರೆಗೂ ಬೆನ್ನು ಸವರುತ್ತಾ ಕೂತಿದ್ದರು.

ಒಳಗೆ ನರ್ಸ್ ಹತ್ತಿಯನ್ನು ಒದ್ದೆ ಮಾಡಿ ಕಾವಿಮಣ್ಣಿನ ಚಕ್ಕೆಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳಿಗೂ ವಾಸನೆ ಬಂದಿರಬೇಕು, ಮುಖದಲ್ಲಿ ತೋರಿಸಲಿಲ್ಲ. ಡಾಕ್ಟರ್ ಹೆಂಗಸೇ. ಮೊದಲು ಕಣ್ಣು ನೋಡಲಿಲ್ಲ, ಮೂಗಿನ ತುದಿ ನೋಡಿದರು. ನೋಡಿದ ಕೂಡಲೇ ಅವರ ಮುಖ ಬದಲಾಯಿತು. ಮೂಗಿನಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಇಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಎಷ್ಟು ದಿನ ಆಯಿತು ಎಂದು ಹಿಂದಿಯಲ್ಲಿ ಕೇಳಿದರು. ಅಕ್ಷತಾ ಹೇಳಿದಳು.

"ಇತನೇ ದಿನ ಕ್ಯೂಂ ರುಕೇ?"

ಯಾಕೆ ಕಾದಿರಿ ಎಂದು ಕೇಳಿದರೆ ಏನು ಹೇಳಲಿ? ನಂಜಿಗೆ ಹಿಂದಿಯಲ್ಲಿ ಏನನ್ನುತ್ತಾರೆ ಎಂದು ನನಗೆ ಗೊತ್ತಿಲ್ಲ. ಇದ್ದ ಹಿಂದಿಯಲ್ಲಿ, "ಜಹರ್ ಬಾಹರ್ ಆನೇ ದೋ ಬೋಲಾ" ಎಂದೆ. ವಿಷ ಹೊರಗೆ ಬರಲಿ ಎಂದರು ಎಂದು. ನಮ್ಮ ತಿಳಿವಳಿಕೆಯೆಲ್ಲ ಆ ಒಂದು ವಾಕ್ಯದಲ್ಲಿ ಬಟ್ಟೆ ಕಳಚಿ ನಿಂತ ಹಾಗೆ ಕಂಡಿತು. ಡಾಕ್ಟರ್ ನಗಲಿಲ್ಲ, ಬೈಯಲೂ ಇಲ್ಲ. ಚಿಕ್ಕಂದಿನಲ್ಲಿ ಬಂದಿದ್ದ ಸೀತಾಳೆ ಸಿಡುಬಿನ ವೈರಸ್ಸೇ ಇಷ್ಟು ವರ್ಷ ನರದಲ್ಲಿ ಮಲಗಿದ್ದು ಈಗ ಎದ್ದಿದೆ, ನೀವು ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಗುಳ್ಳೆ ಎದ್ದ ಕೂಡಲೇ ಗುಳಿಗೆ ಶುರು ಮಾಡಿದ್ದರೆ ಕಣ್ಣು ಬಹುಶಃ ಉಳಿಯುತ್ತಿತ್ತು, ಈಗ ಎಷ್ಟು ಸಿಗುತ್ತದೋ ನೋಡೋಣ ಎಂದರು. ಬಹುಶಃ ಎಂಬ ಆ ಮಾತು ಎಷ್ಟೋ ರಾತ್ರಿ ನನ್ನ ನಿದ್ದೆ ತಿಂದಿದೆ.

ಗುಳಿಗೆ, ಗಂಟೆಗೊಮ್ಮೆ ಕಣ್ಣಿಗೆ ಹನಿ, ಮುಲಾಮು. ಅಕ್ಷತಾ ಮನೆಯಿಂದಲೇ ಆಫೀಸ್ ಕೆಲಸ ಮಾಡಿ ನೋಡಿಕೊಂಡಳು. ವಿಷಯ ತಿಳಿದು ಅತ್ತಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಇನ್ನು ನಂಜು ಒಳಗೆ ಹೋಯ್ತು. ನಾನು ಹೇಳುದು ಹೇಳಿದ್ದೇನೆ."

ಆ ದಿನಗಳಲ್ಲಿ ಇವರ ಪರಿಚಯದ ಮಾಸ್ಟ್ರೊಬ್ಬರು ಕಲ್ಯಾಣದಿಂದ ನನ್ನನ್ನು ನೋಡಲು ಬಂದರು. ಇಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು. ಕೂತ ಅಷ್ಟು ಹೊತ್ತೂ ನನ್ನ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಚಕ್ಕುಲಿ ತಿಂದರು. ನಂಜು ಎಂಬ ಶಬ್ದದ ಕತೆ ಕೇಳಿದ್ದು ಅವರ ಬಾಯಿಂದ.

"ಬಹಳ ಹಳೇ ಶಬ್ದ ಅದು. ಸಂಸ್ಕೃತದ್ದಲ್ಲ, ನಮ್ಮದೇ. ತಮಿಳಿನಲ್ಲೂ ಉಂಟು, ಮಲಯಾಳದಲ್ಲೂ ಉಂಟು. ಮೂಲದಲ್ಲಿ ಅರ್ಥ ಬರೇ ವಿಷ. ವಿಷ ಉಂಡ ಶಿವ ನಂಜುಂಡ. ಆಮೇಲೆ ಗಾಯದಲ್ಲಿ, ಮದ್ದಿನಲ್ಲಿ, ಊಟದಲ್ಲಿ ಹಿಂದೆ ಉಳಿದು ಕೆಡಿಸುವಂಥದ್ದಕ್ಕೆಲ್ಲ ಅದೇ ಹೆಸರಾಯ್ತು."

"ದುಷ್ಪರಿಣಾಮ ಅಂತ ಪೇಪರಲ್ಲಿ ಬರ್ತದಲ್ಲ ಮಾಸ್ಟ್ರೇ, ಅದೂ ಇದೂ ಒಂದೆಯಾ?" ಎಂದು ಇವರು ಕೇಳಿದರು.

"ಹೆಚ್ಚು ಕಡಿಮೆ. ಪರಿಣಾಮ ಅಂದ್ರೆ ಮಾಗುದು, ಜೀರ್ಣ ಆಗುದು ಅಂತಲೂ ಉಂಟು. ದುಷ್ ಸೇರಿದ್ರೆ ಕೆಟ್ಟದ್ದಾಗಿ ಮಾಗಿದ್ದು."

ಅವರು ಹೋದ ಮೇಲೆ ಮಲಗಿಕೊಂಡು ಅದನ್ನೇ ಯೋಚಿಸಿದೆ. ವಿಷ ಎಂದರೆ ಯಾರೋ ಕೊಟ್ಟದ್ದು, ಅಥವಾ ಕಚ್ಚಿದ್ದು. ನಮ್ಮಲ್ಲಿ ನಂಜು ಎಂದರೆ ತಿಂದವಳ ತಪ್ಪು. ಇಷ್ಟು ಹಳೆಯ ಶಬ್ದ ನಡೆಯುತ್ತಾ ನಡೆಯುತ್ತಾ ಹೆಂಗಸರ ತಟ್ಟೆಗೆ ಬಂದು ಬಿದ್ದದ್ದು ಯಾವಾಗಲೋ ಗೊತ್ತಿಲ್ಲ. ನನ್ನ ಕಣ್ಣಿನ ಮಟ್ಟಿಗೆ ಹಿಂದೆ ಉಳಿದು ಕೆಡಿಸಿದ್ದು ಸಿಗಡಿ ಅಲ್ಲ, ಆ ಶಬ್ದವೇ. ಅದರ ಹೆದರಿಕೆಯಿಂದ ನಾವು ಮದ್ದು ಮುಟ್ಟದೆ ಕೂತೆವು.

ಗಾಯ ಮಾಯಿತು. ನೋವು ಹೋಗಲಿಲ್ಲ. ಹಣೆಯ ಮೇಲೆ ಏನೂ ಕಾಣುವುದಿಲ್ಲ, ಎರಡು ಕುಳಿ ಬಿಟ್ಟರೆ. ಫ್ಯಾನಿನ ಗಾಳಿ ತಾಗಿದರೆ ಮಾತ್ರ ಕಾದ ಸೂಜಿ ಎಳೆದ ಹಾಗಾಗುತ್ತದೆ. ನರದ ನೋವಿಗೆ ಕೊಟ್ಟ ಗುಳಿಗೆಯಿಂದ ಬಾಯಿ ಒಣಗಿ, ಹಗಲೆಲ್ಲ ತೂಕಡಿಕೆ. ಬಲಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ನಿಂತಿತು. ಆ ಕಣ್ಣಿಗೆ ಬೆಳಕು ಕಾಣುತ್ತದೆ, ಯಾರೋ ಬಂದರು ಎಂದು ತಿಳಿಯುತ್ತದೆ, ಬಂದವರು ಯಾರು ಎಂದು ತಿಳಿಯುವುದಿಲ್ಲ. ಒಂದೇ ಕಣ್ಣಲ್ಲಿ ಸೂಜಿಗೆ ದಾರ ಹಾಕಲು ಹೋಗಿ ದಾರ ಗಾಳಿಯಲ್ಲೇ ಹೋಗುತ್ತಿತ್ತು. ಅದನ್ನು ಮತ್ತೆ ಕಲಿಯಲು ಒಂದು ಮಳೆಗಾಲ ಹಿಡಿಯಿತು. ಈಗ ಹೊಲಿಯುತ್ತೇನೆ, ಮೊದಲಿನ ಅರ್ಧದಷ್ಟು. ಕರಿ ಬಟ್ಟೆ ತಂದವರನ್ನು ಬೇರೆ ಕಡೆ ಕಳಿಸುತ್ತೇನೆ.

ಕಳೆದ ವರ್ಷ ಅತ್ತಿಗೆಗೂ ಬಂತು. ಸೊಂಟದಲ್ಲಿ. ಅವರು ನನಗೆ ಫೋನ್ ಮಾಡಲಿಲ್ಲ, ನನ್ನ ಗಂಡನಿಗೂ ಮಾಡಲಿಲ್ಲ. ಅಕ್ಷತಾಳ ಆಫೀಸಿಗೆ ಮಾಡಿ, ನಿನ್ನ ಅಮ್ಮನಿಗೆ ಕೊಟ್ಟ ಗುಳಿಗೆ ಯಾವುದು, ಡಾಕ್ಟರ್ ಯಾರು, ಮನೆಯಲ್ಲಿ ಹೇಳಬೇಡ ಎಂದರಂತೆ. ಅವಳು ದಿವಾಕ್ಕೆ ಹೋಗಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾಳೆ. ಎಲ್ಲ ಮುಗಿದ ಮೇಲೆ ನನಗೆ ಹೇಳಿದಳು. ನನಗೆ ಸಿಟ್ಟು ಬರಲಿಲ್ಲ, ಹೇಸಿಗೆಯಾಯಿತು. ಬೇಗ ಹೋದರಾ, ತಡವಾಗಿ ಹೋದರಾ ಎಂದು ಅವಳು ಹೇಳಲಿಲ್ಲ. ಕೇಳುವುದಕ್ಕೂ ನನಗೆ ಮನಸ್ಸಾಗಲಿಲ್ಲ.

ಮೊನ್ನೆ ಇವರ ದಾಯಾದಿಯೊಬ್ಬರು ಘೋಡಬಂದರ್ ರಸ್ತೆಯಲ್ಲಿ ಹೊಸ ಫ್ಲ್ಯಾಟಿನ ಪೂಜೆ ಇಟ್ಟುಕೊಂಡಿದ್ದರು. ಊಟಕ್ಕೆ ಎಲೆ ಹಾಕಿದ್ದರು. ಅತ್ತಿಗೆ ಹೆಂಗಸರ ನಡುವೆ ಕೂತು ತಮ್ಮ ಕಾಯಿಲೆಯ ಕತೆ ಹೇಳುತ್ತಿದ್ದರು.

"ನನ್ನದು ಒಂದು ಕಲೆ ಸಹ ಉಳಿಲಿಲ್ಲ ನೋಡಿ. ಯಾಕೆ ಅಂದ್ರೆ ನಾನು ಪಥ್ಯ ಮಾಡಿದೆ. ಬದನೆ ಇಲ್ಲ, ಮೀನಿಲ್ಲ. ಸುಮತಿಗೆ ನಾಲಗೆ ಹಿಡಿತ ಇಲ್ಲ, ಪಾಪ. ನಂಜು ಕಣ್ಣಲ್ಲಿ ಕೂತಿತು."

ಅವರು ಗುಳಿಗೆಯ ಸುದ್ದಿಯೇ ಎತ್ತಲಿಲ್ಲ. ನಾನು ಎರಡು ಎಲೆ ಆಚೆ ಕೂತಿದ್ದೆ. ಎಲ್ಲರೂ ನನ್ನ ಕಣ್ಣಿನ ಕಡೆ ಒಮ್ಮೆ, ಎಲೆಯ ಕಡೆ ಒಮ್ಮೆ ನೋಡಿದರು. ಎದ್ದು ಕೈ ತೊಳೆದು ಒಳಕೋಣೆಗೆ ಹೋದೆ.

ಆ ಮನೆಯ ಸೊಸೆ ಶ್ವೇತಾ ನನ್ನ ಹಿಂದೆಯೇ ಬಂದಳು. ಹೊಸ ಮದುಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. "ಆಂಟಿ, ಆಪ್ ಸಿಲಾಯಿ ಕರ್ತೇ ಹೋ ನಾ? ಬ್ಲೌಸ್ ತುಂಬ ಟೈಟ್ ಇದೆ, ಯಹಾಂ ಜಲ್ತಾ ಹೈ, ಉರಿ. ಸ್ವಲ್ಪ ಲೂಸ್ ಮಾಡಿ ಕೊಡ್ತೀರಾ?" ಎಂದು ಬಾಗಿಲು ಹಾಕಿ ಬೆನ್ನು ತಿರುಗಿಸಿದಳು. ಬೆನ್ನ ಹಿಂದಿನ ಹುಕ್ ಬಿಚ್ಚಿದೆ. ಬೆನ್ನೆಲುಬಿನ ಎಡಕ್ಕೆ, ಪಕ್ಕೆಯವರೆಗೆ, ಕೆಂಪು ಚರ್ಮದ ಮೇಲೆ ಸಣ್ಣ ಸಣ್ಣ ಗುಳ್ಳೆಗಳ ಸಾಲು. ಒಂದೇ ಕಣ್ಣಾದರೂ ಅದನ್ನು ಗುರುತಿಸಲು ನನಗೆ ಸಾಕು.

"ಯಾವಾಗ ಎದ್ದದ್ದು ಇದು?"

"ನಿನ್ನೆ ರಾತ್ರಿ. ಅತ್ತೆಗೆ ತೋರಿಸಿದೆ. ಅವ್ರು ದಿವಾ ದೊಡ್ಡಮ್ಮನಿಗೆ ಹೇಳಿದ್ರು. ನಾಳಿದ್ದು ಯಾರೋ ಮದ್ದಿನವ್ರ ಹತ್ರ ಕರ್ಕೊಂಡು ಹೋಗ್ತಾರಂತೆ. ಅಲ್ಲಿ ತನಕ ಟ್ಯಾಬ್ಲೆಟ್ ನಹೀಂ ಲೇನೇ ಕಾ, ತಗೊಳ್ಬಾರ್ದಂತೆ. ಹೊರಗೆ ಬರ್ಬೇಕಂತೆ."

ಅವಳ ದಿವಾ ದೊಡ್ಡಮ್ಮ ಎಂದರೆ ನನ್ನ ಅತ್ತಿಗೆ.

ಹುಕ್ ಹಾಕಲಿಲ್ಲ. ಅವಳಿಗೆ ಶಾಲು ಹೊದಿಸಿ, ಕೈ ಹಿಡಿದುಕೊಂಡು ಊಟ ನಡೆಯುತ್ತಿದ್ದ ಹಾಲ್‌ಗೆ ಕರೆದುಕೊಂಡು ಬಂದು ಅತ್ತಿಗೆಯ ಎಲೆಯ ಎದುರು ನಿಂತೆ. ಇಷ್ಟು ವರ್ಷದಲ್ಲಿ ಅವರೆದುರು ಹಾಗೆ ನಿಂತದ್ದು ಅದೇ ಮೊದಲು.

"ಅತ್ತಿಗೆ, ಒಂದು ಮಾತು ಕೇಳ್ತೇನೆ. ನಿಮ್ಮ ಸೊಂಟದಲ್ಲಿ ಗುಳ್ಳೆ ಕಂಡ ಮೇಲೆ ಎಷ್ಟು ದಿನ ಬಿಟ್ಟು ನೀವು ಡಾಕ್ಟ್ರ ಗುಳಿಗೆ ನುಂಗಿದ್ದು?"

ಸಾರು ಬಡಿಸುತ್ತಿದ್ದವರು ನಿಂತರು. ಅತ್ತಿಗೆ ಪಾಯಸದಲ್ಲಿ ಬೆರಳಾಡಿಸಿದರು.

"ಊಟದ ಹೊತ್ತಲ್ಲಿ ಅದೆಲ್ಲ ಎಂತಕ್ಕೆ ಈಗ?"

"ನನಗೆ ಹೇಳುದು ಬೇಡ. ನನ್ನ ಕಣ್ಣು ಹೋಗಿ ಆಯ್ತು. ಇವಳಿಗೆ ಹೇಳಿ. ನಾಳಿದ್ದು ದಿವಾಕ್ಕೆ ಕರ್ಕೊಂಡು ಹೋಗುವವರು ನೀವೇ ಅಲ್ವಾ?"

ಗಂಡಸರ ಸಾಲಿನಿಂದ ನನ್ನ ಗಂಡ, "ಸುಮತಿ, ಬಿಡು" ಎಂದರು.

"ಬಿಡುದಿಲ್ಲ" ಎಂದೆ. ನನ್ನ ದನಿ ನನಗೇ ಗಟ್ಟಿ ಎನಿಸಿತು.

ಅತ್ತಿಗೆ ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ, ಶಾಲು ಹಿಡಿದುಕೊಂಡು ನಿಂತ ಆ ಹುಡುಗಿಯನ್ನು ನೋಡಿದರು. ಆಮೇಲೆ ಎಲೆ ಮಡಚಿದರು.

"ಅದೇ ದಿನ" ಎಂದರು. "ಮಧ್ಯಾಹ್ನದ ಒಳಗೆ."